ರೋಗಿಯ ಮಾತು, ಗುಳಿಗೆಯ ಲೆಕ್ಕ

ವೈದ್ಯರ ಮುಂದೆ, ವಕೀಲರ ಮುಂದೆ ಸುಳ್ಳಾಡಬಾರದೆಂದು ಹಿರಿಯರು ಹೇಳುವುದುಂಟು. ಆದರೂ “ಔಷಧಿ ತಪ್ಪದೆ ತೆಗೆದುಕೊಂಡಿರಾ?” ಎಂದು ವೈದ್ಯರು ಕೇಳಿದಾಗ, ಎರಡು ಹೊತ್ತು ಮರೆತಿದ್ದರೂ “ಹೌದು ಸ್ವಾಮಿ” ಎನ್ನದವರು ನಮ್ಮಲ್ಲಿ ಎಷ್ಟು ಮಂದಿ? ಈ ಸಣ್ಣ ‘ಹೌದು’ ಕ್ಷಯರೋಗದ ಚರಿತ್ರೆಯಲ್ಲಿ ದೊಡ್ಡ ಸಮಸ್ಯೆಯೇ ಆಯಿತು.

ನಮ್ಮ ಮೈಸೂರಿನ ಕೃಷ್ಣರಾಜಸಾಗರ ರಸ್ತೆಯ ಕ್ಷಯರೋಗ ಆಸ್ಪತ್ರೆಯನ್ನು ನೀವೆಲ್ಲ ಬಲ್ಲಿರಿ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ 1921ರಲ್ಲಿ ಆರಂಭವಾದ ಆರೋಗ್ಯಧಾಮವದು. ಒಳ್ಳೆಯ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಇವೇ ಅಂದಿನ ಮುಖ್ಯ ಚಿಕಿತ್ಸೆ. ರೋಗಿ ದಾದಿಯರ ಕಣ್ಣೆದುರಿಗೇ ಇರುತ್ತಿದ್ದುದರಿಂದ, ಏನು ಮಾಡಿದೆಯೆಂದು ಅವನನ್ನೇ ಕೇಳಬೇಕಾದ ಪ್ರಮೇಯ ಕಡಿಮೆ.

1952ರಲ್ಲಿ ಐಸೋನಯಜಿಡ್ ಬಳಕೆಗೆ ಬಂದಿತು. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಬೆರಳೆಣಿಕೆ. ಮನೆಯಲ್ಲಿಯೇ ಗುಳಿಗೆ ನುಂಗಿದರೆ ಗುಣವಾಗುವುದೇ? ಇದನ್ನು ತಿಳಿಯಲು 1956ರಲ್ಲಿ ಅಂದಿನ ಮದರಾಸಿನಲ್ಲಿ ಪ್ರಯೋಗ ಆರಂಭವಾಯಿತು. ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಆರೋಗ್ಯಧಾಮದಲ್ಲಿ ಒಂದು ವರ್ಷ ಒಂದೇ ಔಷಧಿ. ವೈದ್ಯರು ರೋಗಿಯ ಮಾತನ್ನಷ್ಟೇ ನೆಚ್ಚಲಿಲ್ಲ. ಮೂತ್ರವನ್ನು ಪರೀಕ್ಷಿಸಿದರು, ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ, ಉಳಿದ ಔಷಧಿಯನ್ನು ಎಣಿಸಿದರು. ಮಾತಿಗೂ ಲೆಕ್ಕಕ್ಕೂ ತಾಳೆಯಾಗದ ಪ್ರಸಂಗಗಳು ಕಂಡವು. ಹೀಗೆ ಎಚ್ಚರ ವಹಿಸಿದ್ದರಿಂದಲೇ, ಮನೆಯ ಚಿಕಿತ್ಸೆ ಹೆಚ್ಚುಕಡಿಮೆ ಆರೋಗ್ಯಧಾಮದಷ್ಟೇ ಫಲಕಾರಿ ಎಂಬ 1959ರ ವರದಿಯನ್ನು ಜಗತ್ತು ನಂಬಿತು.

ಹಾಗಾದರೆ ರೋಗಿಯ ಮಾತಿಗೆ ಬೆಲೆಯೇ ಇಲ್ಲವೆ? ಇದಕ್ಕೆ ಉತ್ತರ ನಮ್ಮ ತುಮಕೂರು ಜಿಲ್ಲೆಯಿಂದ ಬಂದಿತು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರು ಉದಾಸೀನರು ಎಂಬ ಭಾವನೆ ಆಗ ಬಲವಾಗಿತ್ತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು, ಪರೀಕ್ಷೆಯಿಂದ ಪತ್ತೆಯಾದ ರೋಗಿಗಳನ್ನು ಮಾತನಾಡಿಸಿದರು. ಬಹುಪಾಲು ಜನರು ತಮ್ಮ ಕೆಮ್ಮು ಜ್ವರಗಳನ್ನು ಸರಿಯಾಗಿಯೇ ಹೇಳಿದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆಯನ್ನು ಅರಸಿ ಹೋಗಿದ್ದರು; ಅನೇಕರು ಕೆಮ್ಮಿನ ಔಷಧಿಯ ಸೀಸೆಯೊಡನೆ ಹಿಂತಿರುಗಿದ್ದರು! 1963ರಲ್ಲಿ ಪ್ರಕಟವಾದ ಈ ಅಧ್ಯಯನ ತೋರಿಸಿದ ತಪ್ಪು ರೋಗಿಯದಲ್ಲ, ಅವನ ಮಾತನ್ನು ಕೇಳದವರದು.

ತನ್ನ ನೋವನ್ನು ಹೇಳುವಾಗ ರೋಗಿಗೆ ಮರೆಮಾಚುವ ಕಾರಣವಿಲ್ಲ. ತಾನು ವಿಧೇಯನೇ ಎಂದು ಕೇಳಿದಾಗ ಮಾತ್ರ ಸಂಕೋಚ, ಗೌರವ, ಬೈಗುಳದ ಭಯ ಅಡ್ಡ ಬರುತ್ತವೆ. ಆದುದರಿಂದ ಮೊದಲನೆಯದನ್ನು ಕಿವಿಗೊಟ್ಟು ಕೇಳಬೇಕು; ಎರಡನೆಯದನ್ನು ಗದರಿಸದೆ ಎಣಿಸಿ ನೋಡಬೇಕು. ನೀವೂ ಅಷ್ಟೆ: ಮುಂದಿನ ಸಲ ವೈದ್ಯರು ಕೇಳಿದಾಗ, ಮರೆತ ಗುಳಿಗೆಗಳನ್ನೂ ಲೆಕ್ಕಕ್ಕೆ ಸೇರಿಸಿ ಹೇಳಿ.