ಮಂಕು ಮನಸ್ಸಿನದೋ, ಮೆದುಳಿನದೋ? ಗೆಡ್ಡೆ ಮತ್ತು ಖಿನ್ನತೆಯ ನಂಟು

ಮನೆಯ ಹಿರಿಯರೊಬ್ಬರು ಕೆಲವು ತಿಂಗಳಿಂದ ಮಂಕಾಗಿದ್ದಾರೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದವರು ಈಗ ಬಿಸಿಲೇರಿದರೂ ಹಾಸಿಗೆ ಬಿಟ್ಟೇಳುವುದಿಲ್ಲ. ಕರೆದರೆ 'ಹೂಂ' ಎನ್ನುತ್ತಾರೆ, ಆಮೇಲೆ ಮಾತಿಲ್ಲ. ಸಾಲ, ಮಗಳ ಮದುವೆ, ಜಮೀನಿನ ವ್ಯಾಜ್ಯ, ತೀರಿಕೊಂಡ ಅಣ್ಣನ ಕೊರಗು... ಕಾರಣ ಹುಡುಕಲು ಹೊರಟರೆ ಯಾವ ಮನೆಯಲ್ಲೂ ಕೊರತೆಯಿಲ್ಲ. 'ಮನಸ್ಸಿಗೆ ಹಚ್ಚಿಕೊಂಡಿದ್ದಾರೆ' ಎಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ಕಡೆ ಗಾಳಿ ಸೋಕಿದೆ ಎಂದು ತಾಯತವೂ ಕಟ್ಟಿಸುತ್ತಾರೆ.

ಖಿನ್ನತೆ ಎಂಬುದು ಸಾಮಾನ್ಯ ಕಾಯಿಲೆ. ಮೆದುಳಿನ ಗೆಡ್ಡೆ, ಅಂದರೆ ಬ್ರೈನ್ ಟ್ಯೂಮರ್, ಅದರ ಮುಂದೆ ಬಹಳ ಅಪರೂಪ. ಆದ್ದರಿಂದ ಬೇಸರಗೊಂಡವರೆಲ್ಲ ತಲೆ ಸ್ಕ್ಯಾನ್ ಮಾಡಿಸಲು ಓಡಬೇಕಾಗಿಲ್ಲ. ಆದರೆ ಮೊದಲೆಂದೂ ಮನೋರೋಗವಿಲ್ಲದವರಲ್ಲಿ, ಅದರಲ್ಲೂ ನಲವತ್ತು ಐವತ್ತು ದಾಟಿದ ಮೇಲೆ, ಸ್ವಭಾವವೇ ಬದಲಾದಂತೆ ಕಂಡರೆ ಮನಸ್ಸಿನ ಜೊತೆ ಮೆದುಳನ್ನೂ ಒಮ್ಮೆ ನೋಡಿಸಬೇಕು ಎಂಬುದು ವೈದ್ಯಶಾಸ್ತ್ರ ಬಹಳ ಬೆಲೆ ತೆತ್ತು ಕಲಿತ ಪಾಠ.

ಸುಟ್ಟ ರಬ್ಬರಿನ ವಾಸನೆ

ಜಾರ್ಜ್ ಗರ್ಶ್ವಿನ್ ಅಮೆರಿಕದ ಹೆಸರಾಂತ ಸಂಗೀತಗಾರ. 1937ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ತಾವೇ ರಚಿಸಿದ ಕೃತಿಯೊಂದನ್ನು ಪಿಯಾನೊದಲ್ಲಿ ನುಡಿಸುತ್ತಿದ್ದಾಗ ಕ್ಷಣಕಾಲ ಅವರ ಕೈ ತಪ್ಪಿತು. ಅದೇ ಕ್ಷಣ ಸುಟ್ಟ ರಬ್ಬರಿನ ವಾಸನೆ ಬಂದಂತಾಯಿತು. ಮುಂದಿನ ತಿಂಗಳುಗಳಲ್ಲಿ ತಲೆನೋವು, ತಲೆಸುತ್ತು, ಸಿಡುಕು, ಮಂಕುತನ ಎಲ್ಲ ಸೇರಿಕೊಂಡವು. ಸಿನಿಮಾ ಕೆಲಸದ ಒತ್ತಡ ಎಂದು ಸುತ್ತಲಿನವರು ತಿಳಿದರು. ಅವರು ಆಗಲೇ ಮನೋವಿಶ್ಲೇಷಕರೊಬ್ಬರ ಬಳಿ ಹೋಗುತ್ತಿದ್ದುದರಿಂದ ಆ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಜೂನ್ ತಿಂಗಳಲ್ಲಿ ಆಸ್ಪತ್ರೆಗೆ ಸೇರಿಸಿದರು. ಬೆನ್ನುಹುರಿಯ ನೀರು ತೆಗೆಯುವ ಪರೀಕ್ಷೆಗೆ ರೋಗಿ ಒಪ್ಪಲಿಲ್ಲ. ಬಹುಶಃ 'ಹಿಸ್ಟೀರಿಯ', ಅಂದರೆ ಮನಸ್ಸಿನ ಕಾಯಿಲೆ, ಎಂದು ಬರೆದು ಮನೆಗೆ ಕಳಿಸಿದರು.

ಜುಲೈ 9ರಂದು ಅವರು ಪ್ರಜ್ಞೆ ತಪ್ಪಿ ಬಿದ್ದರು. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಬಲಗಡೆ ಕಿವಿಯ ಮೇಲ್ಭಾಗದ ಮೆದುಳಿನಲ್ಲಿ ದೊಡ್ಡ ಗೆಡ್ಡೆ ಸಿಕ್ಕಿತು. ಜುಲೈ 11ರಂದು ತೀರಿಕೊಂಡರು. ವಯಸ್ಸು 38. ಆಗ ಇಂದಿನಂಥ ಸ್ಕ್ಯಾನ್ ಇರಲಿಲ್ಲ. ಮೊದಲ ಸಿ.ಟಿ. ಸ್ಕ್ಯಾನ್ ರೋಗಿಯ ತಲೆಯನ್ನು ನೋಡಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಹಾಗಾಗಿ ಅಂದಿನ ವೈದ್ಯರನ್ನು ಇಂದು ದೂಷಿಸಿ ಫಲವಿಲ್ಲ. ಇಂದು ನೆನಪಿಡಬೇಕಾದದ್ದು ಆ ವಾಸನೆ. ಇಲ್ಲದ ಕೆಟ್ಟ ವಾಸನೆ ಕೆಲವು ಸೆಕೆಂಡು ಬಂದು ಹೋಗುವುದು ಒಂದು ಬಗೆಯ ಫಿಟ್ಸ್ ಆಗಿರಬಹುದು. ಫಿಟ್ಸ್ ಎಂದರೆ ಕೈಕಾಲು ಬಡಿದು ನೊರೆ ಬರುವುದೇ ಆಗಬೇಕೆಂದಿಲ್ಲ.

ಮುಚ್ಚಿದ ಕರಟದೊಳಗೆ

ತಲೆಬುರುಡೆ ತೆಂಗಿನ ಕರಟವಿದ್ದಂತೆ, ಹಿಗ್ಗುವುದಿಲ್ಲ. ಒಳಗೆ ಸುಮಾರು 1,300 ರಿಂದ 1,400 ಗ್ರಾಂ ಮೆದುಳು, ಹರಿಯುವ ರಕ್ತ, ಜೊತೆಗೆ ಸುಮಾರು 150 ಮಿಲಿ ಲೀಟರ್ ತಿಳಿನೀರು. ಇವುಗಳ ನಡುವೆ ಹೊಸದೊಂದು ಬೆಳೆದರೆ ಉಳಿದವು ಒತ್ತರಿಸಿಕೊಳ್ಳಬೇಕು. ಬೇಗ ಬೆಳೆಯುವ ಗೆಡ್ಡೆ ವಾರಗಳಲ್ಲೇ ತಲೆನೋವು, ವಾಂತಿ ತರುತ್ತದೆ. ನಿಧಾನವಾಗಿ ಬೆಳೆಯುವ ಗೆಡ್ಡೆಗೆ ಮೆದುಳು ಜಾಗ ಬಿಟ್ಟುಕೊಡುತ್ತಾ ಹೋಗುತ್ತದೆ. ಅದು ನಿಂಬೆಹಣ್ಣಿನ ಗಾತ್ರಕ್ಕೆ ಬರುವವರೆಗೆ ಗೊತ್ತಾಗದೇ ಇರುವುದೂ ಉಂಟು.

ಯಾವ ಜಾಗದಲ್ಲಿ ಗೆಡ್ಡೆ ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ತಲೆಯ ಹಿಂಭಾಗದಲ್ಲಿದ್ದರೆ ದೃಷ್ಟಿ ಕೆಡುತ್ತದೆ. ಕೆಳಗಿನ ಕಿರುಮೆದುಳಿನಲ್ಲಿದ್ದರೆ ಕುಡಿದವರಂತೆ ನಡಿಗೆ ತಪ್ಪುತ್ತದೆ. ಕಣ್ಣುಗಳ ಹಿಂದೆ, ಮೆದುಳಿನ ಬುಡದಲ್ಲಿ, ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆಯಾದರೆ ಹಾರ್ಮೋನುಗಳ ಲೆಕ್ಕವೇ ತಪ್ಪುತ್ತದೆ. ಹಾರ್ವೆ ಕುಶಿಂಗ್ ಎಂಬ ಅಮೆರಿಕನ್ ಶಸ್ತ್ರವೈದ್ಯ 1932ರಲ್ಲಿ ಇಂಥದ್ದೊಂದು ಕಾಯಿಲೆಯನ್ನು ವಿವರಿಸಿದರು. ಮುಖ ದುಂಡಗಾಗಿ, ಹೊಟ್ಟೆ ಬಂದು, ಬಿ.ಪಿ. ಏರುವ ಆ ಕಾಯಿಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಖಿನ್ನತೆಯೂ ಇರುತ್ತದೆ.

ಮನೆಯವರನ್ನು ಹೆಚ್ಚು ದಾರಿ ತಪ್ಪಿಸುವುದು ಹಣೆಯ ಹಿಂದಿನ ಭಾಗ. ಯೋಚನೆ, ಸಂಯಮ, ಕೆಲಸಕ್ಕೆ ಕೈಹಾಕುವ ಹುರುಪು ಇರುವುದು ಇಲ್ಲಿ. ಇಲ್ಲಿ ಗೆಡ್ಡೆ ಬೆಳೆದಾಗ ಕೈಕಾಲು ಬಿದ್ದುಹೋಗುವುದಿಲ್ಲ, ಮಾತೂ ನಿಲ್ಲಬೇಕೆಂದಿಲ್ಲ. ಮನುಷ್ಯ ಮಾತ್ರ ಬೇರೆಯಾಗುತ್ತಾನೆ. ಕೆಲವರು ನಾಚಿಕೆ ಬಿಟ್ಟು ಹಗುರ ಮಾತಾಡುತ್ತಾರೆ, ಸಿಟ್ಟಾಗುತ್ತಾರೆ, ದುಡ್ಡು ಚೆಲ್ಲುತ್ತಾರೆ. ಇನ್ನು ಕೆಲವರು ಕಲ್ಲಿನಂತೆ ಕೂರುತ್ತಾರೆ.

ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಮೆದುಳಿನ ಸಂಶೋಧಕಿಯಾಗಿದ್ದ ಬಾರ್ಬರಾ ಲಿಪ್ಸ್ಕಾ ಅವರಿಗೆ 2015ರಲ್ಲಿ ಚರ್ಮದ ಕ್ಯಾನ್ಸರ್ ಮೆದುಳಿಗೆ ಹರಡಿತು. ಪರಿಚಿತ ಬೀದಿಗಳಲ್ಲಿ ದಾರಿ ತಪ್ಪಿದರು, ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗಿದರು. ತಮ್ಮಲ್ಲಿ ಏನೋ ತಪ್ಪಾಗಿದೆ ಎಂಬುದೇ ಅವರಿಗೆ ತಿಳಿಯಲಿಲ್ಲ. ಚಿಕಿತ್ಸೆಯಿಂದ ಚೇತರಿಸಿಕೊಂಡ ಮೇಲೆ 2018ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಬರೆದರು. ಮೆದುಳನ್ನೇ ಓದಿದವರಿಗೂ ತಮ್ಮ ಮೆದುಳಿನ ಕೇಡು ತಿಳಿಯಲಿಲ್ಲ ಎಂದರೆ, ಗಮನಿಸುವ ಕೆಲಸ ಮನೆಯವರದೇ ಆಯಿತಲ್ಲವೇ?

ದುಃಖವೋ, ಜಡತೆಯೋ?

ಇಲ್ಲಿ ಒಂದು ಸೂಕ್ಷ್ಮವಿದೆ. ಖಿನ್ನತೆ ಇರುವವರು ಸಾಮಾನ್ಯವಾಗಿ ನೋಯುತ್ತಾರೆ. ಅಳು ಬರುತ್ತದೆ, ನಿದ್ದೆ ಬರುವುದಿಲ್ಲ, 'ನನ್ನಿಂದ ಎಲ್ಲರಿಗೂ ತೊಂದರೆ' ಎನ್ನುತ್ತಾರೆ, ಸಾಯುವ ಮಾತಾಡುತ್ತಾರೆ. ಹಣೆಯ ಹಿಂದಿನ ಗೆಡ್ಡೆಯಿಂದ ಬರುವ ಜಡತೆಯಲ್ಲಿ ಆ ನೋವೇ ಇರುವುದಿಲ್ಲ. 'ಬೇಸರವೇ?' ಎಂದು ಕೇಳಿದರೆ 'ಇಲ್ಲವಲ್ಲ' ಎನ್ನುತ್ತಾರೆ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾರೆ, ಇಡದಿದ್ದರೆ ಕೇಳುವುದಿಲ್ಲ. ಗೊತ್ತಿಲ್ಲದೆ ಮೂತ್ರ ಹೋದರೂ ಮುಜುಗರವಿಲ್ಲ. ದೂರು ಹೇಳುವವರು ಮನೆಯವರು, ರೋಗಿಯಲ್ಲ.

ಆದರೆ ಈ ಗೆರೆ ಯಾವಾಗಲೂ ಸ್ಪಷ್ಟವಲ್ಲ. ಗೆಡ್ಡೆಯಿಂದ ನಿಜವಾದ ಖಿನ್ನತೆಯೂ ಬರಬಹುದು. ಖಿನ್ನತೆಯ ಮಾತ್ರೆಯಿಂದ ಮೊದಮೊದಲು ಸ್ವಲ್ಪ ಗುಣ ಕಂಡದ್ದೂ ಇದೆ. ಅದಕ್ಕೇ ವೈದ್ಯರು ಬೇರೆ ಸುಳಿವುಗಳನ್ನು ಹುಡುಕುತ್ತಾರೆ. ಬೆಳಗಿನ ಜಾವ ಹೆಚ್ಚಿರುವ, ಕೆಮ್ಮಿದರೆ ಬಗ್ಗಿದರೆ ಏರುವ ಹೊಸ ತಲೆನೋವು. ವಾಕರಿಕೆಯಿಲ್ಲದೆ ಬರುವ ವಾಂತಿ. ದೊಡ್ಡ ವಯಸ್ಸಿನಲ್ಲಿ ಮೊದಲ ಬಾರಿ ಫಿಟ್ಸ್. ಒಂದು ಕಡೆಯ ಕೈ ಸೋತು ಲೋಟ ಜಾರುವುದು, ಚಪ್ಪಲಿ ಕಾಲಿಂದ ಕಳಚಿದರೂ ತಿಳಿಯದಿರುವುದು. ಪಕ್ಕದಲ್ಲಿ ಬರುವ ಬೈಕು ಕಾಣದೆ ಡಿಕ್ಕಿ ಹೊಡೆಯುವುದು. ಗೊತ್ತಿದ್ದ ಪದ ನಾಲಗೆಗೆ ಬಾರದಿರುವುದು. ಮೂಗು ಕಟ್ಟಿಲ್ಲದಿದ್ದರೂ ಕಾಫಿಪುಡಿಯ, ಒಗ್ಗರಣೆಯ ವಾಸನೆ ತಿಳಿಯದಿರುವುದು. ಮಂಕುತನದ ಜೊತೆ ಇವುಗಳಲ್ಲಿ ಒಂದಿದ್ದರೂ ತಡಮಾಡದೆ ನರರೋಗ ತಜ್ಞರಿಗೆ ತೋರಿಸಬೇಕು. ಕಣ್ಣಿನ ವೈದ್ಯರು ಬ್ಯಾಟರಿ ಬಿಟ್ಟು ಕಣ್ಣಿನ ಹಿಂಪದರ ನೋಡಿದರೂ ಎಷ್ಟೋ ಸಲ ತಲೆಯೊಳಗಿನ ಒತ್ತಡ ಪತ್ತೆಯಾಗುತ್ತದೆ. ಇದಕ್ಕೆ ಹೆಚ್ಚು ಖರ್ಚಿಲ್ಲ.

ಸ್ಕ್ಯಾನಿನಲ್ಲಿ ಗಂಟು ಕಂಡಿತೆಂದು ಎದೆ ಒಡೆದುಕೊಳ್ಳುವುದೂ ಬೇಡ. ನಮ್ಮ ದೇಶದಲ್ಲಿ ಕ್ಷಯದ ಗಂಟು, ಲಾಡಿಹುಳುವಿನ ಮೊಟ್ಟೆಯಿಂದಾಗುವ ಗಂಟು ಎರಡೂ ಮೆದುಳಿನಲ್ಲಿ ಸಾಮಾನ್ಯ, ಮಾತ್ರೆಯಿಂದಲೇ ವಾಸಿಯಾಗುವಂಥವು. ನಿಜವಾದ ಗೆಡ್ಡೆಗಳಲ್ಲೂ ಮೆದುಳಿನ ಹೊರಪೊರೆಯಿಂದ ಹುಟ್ಟುವ ಮೆನಿಂಜಿಯೋಮ ಎಂಬುದು ಬಹುಪಾಲು ಕ್ಯಾನ್ಸರ್ ಅಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ವರ್ಷಗಟ್ಟಲೆ ಖಿನ್ನತೆ ಎನಿಸಿಕೊಂಡದ್ದು ಇಂಥ ಗೆಡ್ಡೆ ತೆಗೆದ ಮೇಲೆ ಇಳಿದ ನಿದರ್ಶನಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಹಳಷ್ಟಿವೆ. ಇನ್ನೊಂದು ತುದಿಯಲ್ಲಿ ಗ್ಲಿಯೋಬ್ಲಾಸ್ಟೋಮ ಇದೆ. ಶಸ್ತ್ರಚಿಕಿತ್ಸೆ, ರೇಡಿಯೇಷನ್, ಮಾತ್ರೆ ಎಲ್ಲ ಕೊಟ್ಟರೂ ಅರ್ಧದಷ್ಟು ರೋಗಿಗಳು ಬದುಕುವುದು ಒಂದು, ಒಂದೂಕಾಲು ವರ್ಷ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡು ಭಾಷೆಯ ತಲೆ

ಗಡಿಯ ಜನರಿಗೆ ಸಂಬಂಧಿಸಿದ ಒಂದು ಮಾತನ್ನು ದೊಡ್ಡ ಪತ್ರಿಕೆಗಳ ಆರೋಗ್ಯ ಅಂಕಣಗಳು ಹೇಳುವುದು ಕಡಿಮೆ. ಮಾತಿನ ಕೇಂದ್ರ ಬಹುತೇಕರಿಗೆ ಮೆದುಳಿನ ಎಡಭಾಗದಲ್ಲಿದೆ. ಅಲ್ಲಿ ಗೆಡ್ಡೆಯಾದಾಗ, ಎರಡು ಭಾಷೆ ಬಲ್ಲವರಿಗೆ ಎರಡೂ ಒಂದೇ ಪ್ರಮಾಣದಲ್ಲಿ ಕೆಡಬೇಕೆಂದಿಲ್ಲ. ಎಳವೆಯಲ್ಲಿ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ ಎಂದು ಫ್ರಾನ್ಸಿನ ರಿಬೋ 1881ರಲ್ಲಿ ಹೇಳಿದರು. ಇಲ್ಲ, ದಿನಬಳಕೆಯ ಭಾಷೆಯೇ ಮೊದಲು ಮರಳುತ್ತದೆ ಎಂದು ಅದೇ ದೇಶದ ಪಿತ್ರ್ 1895ರಲ್ಲಿ ವಾದಿಸಿದರು. ಇಬ್ಬರ ಮಾತಿಗೂ ಒಗ್ಗುವ ರೋಗಿಗಳಿದ್ದಾರೆ. ಅಮೆರಿಕದ ಓಜಮನ್ ಮತ್ತು ವಿಟೇಕರ್ 1978ರಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಎಚ್ಚರವಾಗಿದ್ದ ದ್ವಿಭಾಷಿಗಳ ಮೆದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ ನೋಡಿದಾಗ, ಒಂದು ಜಾಗದಲ್ಲಿ ಒಂದು ಭಾಷೆ ಮಾತ್ರ ತಡೆಯುವುದು ಕಂಡುಬಂತು.

ಮೆದುಳಿಗೆ ಸ್ವತಃ ನೋವು ತಿಳಿಯದು, ಆದ್ದರಿಂದ ಇಂಥ ಶಸ್ತ್ರಚಿಕಿತ್ಸೆ ಸಾಧ್ಯ. ಚಿತ್ರ ತೋರಿಸಿ 'ಇದೇನು?' ಎಂದು ಕೇಳುತ್ತಾರೆ. ಉತ್ತರ ತಡವರಿಸಿದ ಜಾಗವನ್ನು ಕತ್ತರಿಸದೆ ಬಿಡುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಬೆಳೆಸಿದ ವಿಧಾನ ಇದು. ಅವರಲ್ಲಿ ಕಲಿತ ಕೇರಳದ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು.

ಹಾಗಾಗಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ತಮಿಳು, ತೆಲುಗು ಇಲ್ಲವೇ ಮರಾಠಿ ಆಡುವ ರೋಗಿಯ ಜೊತೆ ಹೋದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಕನ್ನಡವಷ್ಟೇ ಸಲೀಸಾಗಿ ಬರುವ ಅಜ್ಜಿಗೆ ಬೇರೆ ಭಾಷೆಯಲ್ಲಿ ದಿನ, ವಾರ, ಲೆಕ್ಕ ಕೇಳಿದರೆ ಆಕೆ ಸುಮ್ಮನಾಗುತ್ತಾಳೆ. ಮರೆವು ಎಂದೋ ಖಿನ್ನತೆ ಎಂದೋ ಚೀಟಿಯಲ್ಲಿ ಬರೆದುಬಿಡಬಹುದು. ಇದಕ್ಕೆ ತಿರುಗಾಮುರುಗಾ ಆಗುವುದೂ ಇದೆ. ನಿಜವಾಗಿಯೂ ಪದ ಕಳೆದುಕೊಂಡವರನ್ನು 'ಅವರಿಗೆ ನಮ್ಮ ಭಾಷೆ ಬಾರದು' ಎಂದು ಬಿಟ್ಟುಬಿಡಬಹುದು. ಮೊದಲು ಎಷ್ಟು ಚೆನ್ನಾಗಿ ಮಾತಾಡುತ್ತಿದ್ದರು, ಯಾವ ಭಾಷೆ ಯಾವಾಗಿನಿಂದ ತಪ್ಪತೊಡಗಿತು ಎಂಬುದನ್ನು ಬಲ್ಲವರು ಮನೆಯವರು ಮಾತ್ರ.

ಗೊತ್ತಾದ ಮೇಲಿನ ಖಿನ್ನತೆ

ಗೆಡ್ಡೆ ಪತ್ತೆಯಾದ ಮೇಲೆ ಕುಗ್ಗದವರು ಯಾರು? ಆದರೂ ಆ ಕುಗ್ಗುವಿಕೆ ಎರಡು ವಾರ ದಾಟಿ, ಊಟ ನಿದ್ದೆ ಕೆಡಿಸಿದರೆ 'ಸಹಜ' ಎಂದು ಬಿಡಬಾರದು. ಗ್ಲಿಯೋಮ ಜಾತಿಯ ಗೆಡ್ಡೆ ಇರುವವರಲ್ಲಿ 100ಕ್ಕೆ ಸುಮಾರು 15 ರಿಂದ 20 ಮಂದಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಕಾಣುತ್ತದೆ. ಆಪ್ತಸಲಹೆ, ಮಾತ್ರೆ ಎರಡೂ ಇವೆ. ಕೆಲವು ಖಿನ್ನತೆ ಮಾತ್ರೆಗಳು ಫಿಟ್ಸ್ ಹೆಚ್ಚಿಸಬಲ್ಲವು, ಆದ್ದರಿಂದ ಗೆಡ್ಡೆಯ ವಿಷಯ ತಿಳಿಸದೆ ಬೇರೆಡೆ ಮಾತ್ರೆ ಬರೆಸಿಕೊಳ್ಳಬಾರದು.

ಔಷಧಿಗಳೇ ಮನಸ್ಸು ಕೆಡಿಸುವುದೂ ಉಂಟು. ಮೆದುಳಿನ ಬಾವು ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ನಿದ್ದೆ ಕೆಡಿಸುತ್ತದೆ, ಕೆಲವರನ್ನು ಅತಿ ಉಲ್ಲಾಸಕ್ಕೆ, ಕೆಲವರನ್ನು ಕತ್ತಲಿಗೆ ತಳ್ಳುತ್ತದೆ. ಫಿಟ್ಸ್ ತಡೆಯುವ ಲೆವೆಟಿರಾಸೆಟಮ್ ಕೆಲವರಲ್ಲಿ ಸಿಡುಕು, ಖಿನ್ನತೆ ತರುತ್ತದೆ. ಇವನ್ನು ತಾವಾಗಿ ನಿಲ್ಲಿಸಿದರೆ ಮಾತ್ರ ಅಪಾಯ ಇನ್ನೂ ದೊಡ್ಡದು. ಬದಲಾವಣೆ ಕಂಡ ದಿನವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ಹೇಳಿದರೆ ಅವರು ಪ್ರಮಾಣ ತಗ್ಗಿಸುತ್ತಾರೆ ಅಥವಾ ಬೇರೆ ಮಾತ್ರೆ ಕೊಡುತ್ತಾರೆ. ರೇಡಿಯೇಷನ್ ನಂತರದ ವಿಪರೀತ ಆಯಾಸವೂ ಖಿನ್ನತೆಯಂತೆಯೇ ಕಾಣುತ್ತದೆ.

ಮನಸ್ಸು ಒಂದು ಇಲಾಖೆ, ನರ ಇನ್ನೊಂದು ಇಲಾಖೆ ಎಂದು ಅಲೆಯುವುದು ರೋಗಿಗೆ ಶಿಕ್ಷೆ. ಬೆಂಗಳೂರಿನ ನಿಮ್ಹಾನ್ಸ್ ಈ ದೃಷ್ಟಿಯಿಂದ ಬೇರೆಯೇ. ಅಲ್ಲಿದ್ದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎರಡನ್ನೂ 1974ರಲ್ಲಿ ಒಂದಾಗಿಸಿ ಅದನ್ನು ಕಟ್ಟಿದರು. ಮನೋವೈದ್ಯರು, ನರರೋಗ ತಜ್ಞರು, ನರಶಸ್ತ್ರವೈದ್ಯರು ಒಂದೇ ಆವರಣದಲ್ಲಿದ್ದಾರೆ. ಕಾಸರಗೋಡಿನವರಿಗೆ ತಿರುವನಂತಪುರದ ಶ್ರೀಚಿತ್ರಾ, ತೆಲಂಗಾಣದವರಿಗೆ ಹೈದರಾಬಾದಿನ ನಿಮ್ಸ್, ಸೋಲಾಪುರ ಕಡೆಯವರಿಗೆ ಮುಂಬಯಿಯ ಟಾಟಾ ಆಸ್ಪತ್ರೆಯೂ ಇವೆ.

ಹೊರಡುವ ಮುನ್ನ ಹಳೆಯ ಸ್ಕ್ಯಾನಿನ ಸಿ.ಡಿ., ಮಾತ್ರೆ ಚೀಟಿಗಳನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ. ಬರೀ ರಿಪೋರ್ಟ್ ಸಾಲದು, ಚಿತ್ರಗಳೂ ಬೇಕು. ಆಯುಷ್ಮಾನ್ ಕಾರ್ಡ್ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಗಳಲ್ಲೂ ನಡೆಯುವಂತೆ ಯೋಜನೆ ಇದೆ. ಆದರೆ ಆಯಾ ರಾಜ್ಯದ ಸ್ವಂತ ವಿಮೆ ಗಡಿಯಾಚೆ ನಡೆಯುತ್ತದೆಯೇ ಎಂಬುದನ್ನು ತಾಲೂಕು ಆಸ್ಪತ್ರೆಯಲ್ಲಿ ಕೇಳಿ, ಶಿಫಾರಸು ಪತ್ರ ಪಡೆದು ಹೋಗುವುದು ಕ್ಷೇಮ. ರೋಗಿಯೋ, ನೋಡಿಕೊಳ್ಳುತ್ತಿರುವವರೋ ಮನಸೋತು ಕುಳಿತಿದ್ದರೆ 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಉಚಿತ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು. ಮಾತಾಡುವ ಭಾಷೆಯನ್ನು ಕರೆ ಮಾಡಿದವರೇ ಆರಿಸಿಕೊಳ್ಳಬಹುದು, ಕನ್ನಡವೂ ಇದೆ.