ಹೆಪ್ಪಿನ ಚರಿತ್ರೆ

ನಮ್ಮ ನಂಜನಗೂಡು, ಟಿ. ನರಸೀಪುರದ ಕಡೆ ನಿನ್ನೆ ಮೊಸರೇ ಇವತ್ತಿನ ಹೆಪ್ಪು. ತೀರಿಹೋದ್ರೆ ಲೋಟ ಹಿಡ್ಕೊಂಡು ಪಕ್ಕದ ಮನೆಗೆ ಹೋಗೋದು. ಹಂಗೆ ಒಂದು ಬೀದಿಗೆಲ್ಲ ಒಂದೇ ಹೆಪ್ಪು. ಅದರೊಳಗೆ ಏನೈತೆ ಅಂತ ಯಾರೂ ಕೇಳ್ತಿರಲಿಲ್ಲ.

ಕೇಳಿದೋರು ದೂರದೋರು. ಹಾಲು ಹುಳಿಯಾಗೋದು ಕಣ್ಣಿಗೆ ಕಾಣದ ಜೀವಿಗಳಿಂದ ಅಂತ 1857ರಲ್ಲಿ ಫ್ರಾನ್ಸಿನ ಲೂಯಿ ಪಾಶ್ಚರ್ ತೋರಿಸಿದ್ರು. 1905ರಲ್ಲಿ ಬಲ್ಗೇರಿಯಾದ ಸ್ಟಾಮೆನ್ ಗ್ರಿಗೊರೊವ್ ತಮ್ಮ ನಾಡಿನ ಮೊಸರಲ್ಲಿ ಕಡ್ಡಿಯಂಥ ಬ್ಯಾಕ್ಟೀರಿಯಾ ಕಂಡ್ರು. ರಷ್ಯಾದ ಇಲ್ಯಾ ಮೆಚ್ನಿಕಾಫ್ ಇದನ್ನ ಹಿಡ್ಕೊಂಡು, ಮೊಸರು ಕರುಳಿನ ಕೆಟ್ಟ ಕ್ರಿಮಿಗಳನ್ನ ತಡೆಯುತ್ತೆ, ಆಯಸ್ಸು ಹೆಚ್ಚಿಸುತ್ತೆ ಅಂದ್ರು. ಅವರಿಗೆ 1908ರಲ್ಲಿ ನೊಬೆಲ್ ಬಂತು. ಅದು ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಸಂಶೋಧನೆಗೆ. ಆಯಸ್ಸಿನ ಮಾತು ಇವತ್ತಿಗೂ ಸಾಬೀತಾಗಿಲ್ಲ. ಜಪಾನಿನ ಮಿನೋರು ಶಿರೋಟಾ ಕರುಳು ತಲುಪೋ ತಳಿ ಬೆಳೆಸಿದ್ರು. ಅದು 1935ರಲ್ಲಿ ಯಾಕುಲ್ಟ್ ಅಂತ ಶೀಸೆಗೆ ಬಂತು.

ನಮ್ಮ ಮೈಸೂರಲ್ಲೂ 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಸಿಎಫ್‌ಟಿಆರ್‌ಐ ಶುರುವಾಯ್ತು. ನಾವು ರಾತ್ರಿ ಮುಚ್ಚಿಡೋ ಇಡ್ಲಿ ಹಿಟ್ಟು ಯಾಕೆ ಉಬ್ಬುತ್ತೆ ಅನ್ನೋದೂ ಅಲ್ಲಿ ಸಂಶೋಧನೆಯ ವಿಷಯ ಆಯ್ತು.

2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ ತಜ್ಞರು ಪ್ರೊಬಯಾಟಿಕ್ ಅಂದ್ರೇನು ಅಂತ ಬರೆದಿಟ್ರು: ಸಾಕಷ್ಟು ಪ್ರಮಾಣದಲ್ಲಿ ಸೇರಿದಾಗ ಆರೋಗ್ಯಕ್ಕೆ ಒಳ್ಳೇದು ಮಾಡೋ ಜೀವಂತ ಸೂಕ್ಷ್ಮಜೀವಿಗಳು. ಈ ‘ಜೀವಂತ’ ಅನ್ನೋದೇ ಮುಖ್ಯ ಕಣ್ರೀ. ಇಡ್ಲಿ ಬೆಂದ್ಮೇಲೆ, ಮಜ್ಜಿಗೆಹುಳಿ ಕುದ್ದ್ಮೇಲೆ ಅವು ಸತ್ತೋಗ್ತವೆ. ಆರಿದ ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿದ್ರೆ ಬದುಕಿರ್ತವೆ. ಮನೆ ಮೊಸರಲ್ಲಿ ಯಾವ ತಳಿ, ಎಷ್ಟು ಅಂತ ಎಣಿಸಿರಲ್ಲ. ಅದಕ್ಕೇ ಅದನ್ನ ಊಟ ಅನ್ನಬೇಕು, ಮದ್ದು ಅನ್ನಬಾರದು.

ಹೊರಗಿಂದ ಬಂದ ಈ ಜೀವಿಗಳು ಬಹುಪಾಲು ಕರುಳಲ್ಲಿ ನೆಲೆ ನಿಲ್ಲಲ್ಲ, ನೆಂಟ್ರ ಥರ ನಾಕು ದಿನ ಇದ್ದು ಹೋಗ್ತವೆ. ಅಷ್ಟರಲ್ಲಿ ಹುಳಿ ಬಿಟ್ಟು ಕೆಟ್ಟವಕ್ಕೆ ಜಾಗ ಕಮ್ಮಿ ಮಾಡ್ತವೆ. ಖಾಯಂ ಒಕ್ಕಲುಗಳಿಗೆ ಬೇಕಾದ್ದು ನಾರು: ರಾಗಿ, ಅವರೆಕಾಳು, ಸೊಪ್ಪು. ಆ ನಾರಿಂದ ಅವು ಮಾಡೋ ಆಮ್ಲವೇ ಕರುಳಿನ ಒಳಪದರಕ್ಕೆ ಆಹಾರ.

ಆಂಟಿಬಯಾಟಿಕ್ ತಗೊಂಡಾಗ ಆಗೋ ಬೇಧಿಯನ್ನ ಕೆಲವು ತಳಿಗಳು ತಡೀತವೆ ಅನ್ನೋದಕ್ಕೆ ಪುರಾವೆ ಐತೆ. ಆದ್ರೆ ಮಗೂಗೆ ಬೇಧಿ ಆದ್ರೆ ಮೊದಲು ಓಆರ್‌ಎಸ್, ಆಮೇಲೆ ಮಿಕ್ಕಿದ್ದು. ರಕ್ತ ಕಂಡ್ರೆ, ಮಗು ಸೊರಗಿದ್ರೆ ಮಜ್ಜಿಗೆ ನಂಬ್ಕೊಂಡು ಕೂರಬೇಡಿ, ಡಾಕ್ಟರ ಹತ್ರ ಓಡಿ. ದೊಡ್ಡ ಕಾಯಿಲೆಯಿಂದ ನಿರೋಧಕ ಶಕ್ತಿ ಕುಗ್ಗಿದೋರು ಪ್ರೊಬಯಾಟಿಕ್ ಗುಳಿಗೆಯನ್ನೂ ಕೇಳಿಯೇ ತಗೋಬೇಕು. ಉಳಿದೋರು ದಿನಾ ಊಟದ ಕೊನೇಲಿ ಒಂದು ಲೋಟ ಮಜ್ಜಿಗೆ ಕುಡೀರಿ, ನಾಳೆಗೊಂದು ಚಮಚ ಹೆಪ್ಪು ಎತ್ತಿಡಿ.