ಮೊದಲ ಬಹುಮಾನ ಹಳೇಬೀಡಿನ ಚಿತ್ರಗಳಿಗೆ



ಉದ್ಯಾನ ಮತ್ತು ನಿಸರ್ಗವನ್ನು ಕುರಿತ ಛಾಯಾಚಿತ್ರ ಸ್ಪರ್ಧೆಗಳು ಈಗ ಹೊಸ ಸಂಗತಿಯಲ್ಲ. ಹಾಸನದ ಮಹಾರಾಜ ಪಾರ್ಕಿನ ಮರಗಳ ಕೆಳಗೆ, ಗೊರೂರಿನ ಹಿನ್ನೀರಿನ ದಡದಲ್ಲಿ, ಶ್ರವಣಬೆಳಗೊಳದ ಕಲ್ಯಾಣಿಯ ಮೆಟ್ಟಿಲ ಮೇಲೆ ಕ್ಯಾಮರಾ ಹಿಡಿದ ಹುಡುಗ ಹುಡುಗಿಯರನ್ನು ಯಾವ ಭಾನುವಾರವಾದರೂ ಕಾಣಬಹುದು. ಕೈಯಲ್ಲಿರುವ ದೂರವಾಣಿಯೇ ಕ್ಯಾಮರಾ ಆಗಿರುವ ಕಾಲವಿದು. ಆದರೆ ಈ ಜಿಲ್ಲೆಯಲ್ಲಿ ತೆಗೆದ ಚಿತ್ರಗಳಿಗೆ ಪ್ರದರ್ಶನವೊಂದರಲ್ಲಿ ಪ್ರಥಮ ದರ್ಜೆಯ ಪದಕ ಬಂದದ್ದು 1855ರಷ್ಟು ಹಿಂದೆಯೇ ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು.

ಛಾಯಾಗ್ರಹಣದ ಆವಿಷ್ಕಾರವನ್ನು ಪ್ಯಾರಿಸ್ ನಗರದಲ್ಲಿ ಲೋಕಕ್ಕೆ ತಿಳಿಸಿದ್ದು 1839ರ ಆಗಸ್ಟ್ 19ರಂದು. ಅದಾಗಿ ಹದಿನೈದು ವರ್ಷ ಕಳೆದಿತ್ತು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ ಈ ವಿದ್ಯೆಯನ್ನು ಕಲಿತು, ಬೆಂಗಳೂರಿಗೆ ಮರಳಿದ್ದರು. 1854ರ ಡಿಸೆಂಬರಿನಲ್ಲಿ ಅವರು ಮೈಸೂರು ಸೀಮೆಯ ಪ್ರವಾಸ ಹೊರಟು ಬೇಲೂರು, ಹಳೇಬೀಡುಗಳ ದೇವಾಲಯಗಳ ಚಿತ್ರ ತೆಗೆದರು. ಮರುವರ್ಷ ಮದ್ರಾಸಿನಲ್ಲಿ ದಕ್ಷಿಣ ಭಾರತದ ಕಚ್ಚಾ ಸಾಮಗ್ರಿ, ಕಲೆ ಮತ್ತು ಕೈಗಾರಿಕೆಗಳ ದೊಡ್ಡ ಪ್ರದರ್ಶನ ನಡೆಯಿತು. ಹತ್ತಿ, ನೀಲಿ, ಚರ್ಮ, ಮರಮುಟ್ಟುಗಳ ನಡುವೆ ಟ್ರೈಪ್ ಅವರ 68 ಛಾಯಾಚಿತ್ರಗಳೂ ಇದ್ದವು. ಕಾಗದದ ಮೇಲೆ ತೆಗೆದ ದೃಶ್ಯಗಳ ಪೈಕಿ ಇದೇ ಅತ್ಯುತ್ತಮ ಮಾಲೆಯೆಂದು ತೀರ್ಪುಗಾರರು ನಿರ್ಣಯಿಸಿದರು.

‘ಕಾಗದದ ಮೇಲೆ’ ಎಂಬ ಮಾತನ್ನು ಗಮನಿಸಿ. ಆಗ ಫಿಲಂ ಸುರುಳಿ ಇರಲಿಲ್ಲ. ತೆಳುವಾದ ಕಾಗದಕ್ಕೆ ಮೇಣ ಹೀರಿಸಿ, ಬೆಳ್ಳಿಯ ಲವಣದ ಲೇಪ ಕೊಟ್ಟು, ಅದನ್ನೇ ನೆಗೆಟಿವ್ ಆಗಿ ಬಳಸುತ್ತಿದ್ದರು. ನೆಗೆಟಿವ್ ಎಷ್ಟು ದೊಡ್ಡದೋ ಚಿತ್ರವೂ ಅಷ್ಟೇ ದೊಡ್ಡದು. ಆದ್ದರಿಂದ ಹದಿನೈದು ಅಂಗುಲದ ಚಿತ್ರ ಬೇಕೆಂದರೆ ಅದಕ್ಕೆ ತಕ್ಕ ಪೆಟ್ಟಿಗೆಯಂಥ ಕ್ಯಾಮರಾವನ್ನೇ ಹೊತ್ತೊಯ್ಯಬೇಕು. ಮಸೂರದ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತು ಕದಲದೆ ನಿಲ್ಲುವ ವಸ್ತು ಯಾವುದು? ಕಲ್ಲು ಮಾತ್ರ.

ಆ ಕಾಲದ ಛಾಯಾಗ್ರಾಹಕರು ದೇವಾಲಯಗಳ ಬೆನ್ನು ಹತ್ತಿದ್ದಕ್ಕೆ ಇತಿಹಾಸದ ಮೇಲಿನ ಪ್ರೀತಿಯೊಂದೇ ಕಾರಣವಲ್ಲ. ಎಲೆ ಗಾಳಿಗೆ ಅಲುಗಿದರೆ ಚಿತ್ರದಲ್ಲಿ ಮಸಕು ಮುದ್ದೆಯಾಗುತ್ತಿತ್ತು. ಹಕ್ಕಿಯಂತೂ ಮೂಡುತ್ತಲೇ ಇರಲಿಲ್ಲ. ಅಲ್ಲದೆ ಅಂದಿನ ರಾಸಾಯನಿಕ ಲೇಪ ನೀಲಿ ಬೆಳಕಿಗೆ ಬಲು ಬೇಗ ಸ್ಪಂದಿಸುತ್ತಿತ್ತು, ಹಸಿರಿಗೆ ಬಹಳ ನಿಧಾನವಾಗಿ. ಹೀಗಾಗಿ ಆಕಾಶ ಬೋಳು ಬಿಳಿಯಾಗಿ, ಮರಗಳು ಕಪ್ಪು ಗುಡ್ಡೆಗಳಾಗಿ ಬರುತ್ತಿದ್ದವು. ಟ್ರೈಪ್ ಕೆಲವು ನೆಗೆಟಿವ್‌ಗಳ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ತಾವೇ ಬರೆದು ಸೇರಿಸಿದ್ದುಂಟು! ಇಂದಿನ ನಿಸರ್ಗ ಛಾಯಾಚಿತ್ರ ಸ್ಪರ್ಧೆಗೆ ಅಂಥ ಚಿತ್ರ ಕಳಿಸಿದರೆ ಮೊದಲ ಸುತ್ತಿನಲ್ಲೇ ತಿರಸ್ಕಾರ ಖಂಡಿತ. ಆದರೆ ಅವರು ಮೋಸ ಮಾಡಿದರೆನ್ನುವುದು ಸರಿಯಲ್ಲ. ಕಣ್ಣಿಗೆ ಕಂಡದ್ದನ್ನು ಕಾಗದ ಹಿಡಿಯಲಾರದಾಗ ಕುಂಚದಿಂದ ತುಂಬಿಕೊಟ್ಟರು ಎನ್ನಬೇಕು.

ಟ್ರೈಪ್ ಒಬ್ಬರೇ ಅಲ್ಲ. ಅದೇ ದಶಕದಲ್ಲಿ ಡಾ. ನೀಲ್, ಡಾ. ಪಿಗೋ ಎಂಬ ವೈದ್ಯರೂ ಬಿಗ್ಸ್ ಎಂಬ ಸೈನಿಕ ಅಧಿಕಾರಿಯೂ ಕನ್ನಡ ನಾಡಿನ ಸ್ಮಾರಕಗಳ ಚಿತ್ರ ತೆಗೆದರು. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಬೃಹತ್ ಗ್ರಂಥಕ್ಕೆ ಈ ಮೂವರ ಚಿತ್ರಗಳೇ ಆಧಾರ. ಅದಕ್ಕೆ ಐತಿಹಾಸಿಕ ಬರಹ ಮೆಡೋಸ್ ಟೇಲರ್ ಅವರದು, ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ ಅವರದು.

ಇಲ್ಲಿ ಒಂದು ದೇವಾಲಯದ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹಳೇಬೀಡಿಗೆ ಹೋದವರು ಹೊಯ್ಸಳೇಶ್ವರನನ್ನು ನೋಡಿ ಬಸ್ಸು ಹತ್ತಿಬಿಡುತ್ತಾರೆ. ಅಲ್ಲಿಂದ ಅನತಿ ದೂರದಲ್ಲೇ ಕೇದಾರೇಶ್ವರ ದೇವಾಲಯವಿದೆ. ಇಮ್ಮಡಿ ವೀರಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ ಹದಿಮೂರನೆಯ ಶತಮಾನದ ಆರಂಭದಲ್ಲಿ ಕಟ್ಟಿಸಿದ್ದು. ಇಂದು ನೋಡಿದರೆ ಅದಕ್ಕೆ ಶಿಖರವಿಲ್ಲ. ಹಿಂದೆ ಇತ್ತು. ಫರ್ಗ್ಯುಸನ್ ಈ ಗುಡಿಯನ್ನು ಹೊಯ್ಸಳ ಶಿಲ್ಪದ ರತ್ನವೆಂದೇ ಭಾವಿಸಿದ್ದರು. ಆದರೆ ವಿಮಾನದ ಸಂದಿಯಲ್ಲಿ ಆಲದ ಜಾತಿಯ ಒಂದು ಗಿಡ ಬೇರೂರಿತು. ಹಕ್ಕಿ ತಿಂದು ಉದುರಿಸಿದ ಬೀಜವಿದ್ದೀತು. ಆ ಗಿಡವನ್ನು ಕೀಳುವುದು ಯಾರ ಕೆಲಸವೂ ಆಗಿರಲಿಲ್ಲ. ಬೇರು ದಪ್ಪವಾದಂತೆ ಕಲ್ಲುಗಳ ಕೀಲು ಬಿಟ್ಟವು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಮುನ್ನವೇ ಆ ಸುಂದರ ವಿಮಾನ ಕುಸಿಯಿತು. ಈಗ ನಾವು ಕಾಣುವುದು ಬಿದ್ದ ಕಲ್ಲುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದ ಕಟ್ಟಡ. ಶಿಖರ ಹೇಗಿತ್ತೆಂದು ತಿಳಿಯಬೇಕಾದರೆ ಹಳೆಯ ಛಾಯಾಚಿತ್ರಗಳ ಮೊರೆಹೋಗಬೇಕು.

ಕಲ್ಲಿನ ಗೋಡೆಯನ್ನು ಅಪ್ಪಿಕೊಂಡ ಬೇರಿನ ಚಿತ್ರ ಯಾವ ಸ್ಪರ್ಧೆಯಲ್ಲೂ ಬಹುಮಾನಕ್ಕೆ ಅರ್ಹವಾದುದೇ. ನಿಸರ್ಗದ ಸೊಬಗೆಂದು ಅದಕ್ಕೆ ಶೀರ್ಷಿಕೆಯನ್ನೂ ಕೊಡಬಹುದು. ಆದರೆ ಅದೇ ಬೇರು ಆರುನೂರು ವರ್ಷ ನಿಂತಿದ್ದ ಗುಡಿಯನ್ನು ಉರುಳಿಸಿತು. ಇಂದು ಅದೇ ಗುಡಿಯ ಸುತ್ತ ಹುಲ್ಲುಹಾಸನ್ನು ಬೆಳೆಸಿ, ಗಿಡಗಳನ್ನು ಗೋಡೆಯಿಂದ ದೂರವಿಟ್ಟು ಕಾಯುತ್ತಿದ್ದಾರೆ. ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಇನ್ನು ಛಾಯಾಚಿತ್ರವೇ ಉದ್ಯಾನವನ್ನು ಉಳಿಸಿದ ಪ್ರಸಂಗಗಳೂ ಇವೆ. ಅಮೆರಿಕದ ಯೊಸೆಮಿಟಿ ಕಣಿವೆಯ ಚಿತ್ರಗಳನ್ನು ಕಾರ್ಲ್‌ಟನ್ ವಾಟ್ಕಿನ್ಸ್ 1861ರಲ್ಲಿ ತೆಗೆದರು. ಆ ಕಣಿವೆಯನ್ನು ಸಾರ್ವಜನಿಕರಿಗಾಗಿ ಕಾಯ್ದಿರಿಸುವ ಶಾಸನಕ್ಕೆ ಅಧ್ಯಕ್ಷ ಲಿಂಕನ್ 1864ರಲ್ಲಿ ಸಹಿ ಹಾಕಿದರು. ವಿಲಿಯಂ ಹೆನ್ರಿ ಜಾಕ್ಸನ್ 1871ರಲ್ಲಿ ತೆಗೆದ ಯೆಲ್ಲೋಸ್ಟೋನಿನ ಚಿತ್ರಗಳು ಅಲ್ಲಿನ ಸಂಸತ್ತಿನ ಸದಸ್ಯರ ಕೈಸೇರಿದವು. ಮರುವರ್ಷವೇ ಅದು ರಾಷ್ಟ್ರೀಯ ಉದ್ಯಾನವಾಯಿತು. ಕಾಣದ ಸ್ಥಳವನ್ನು ಯಾರೂ ಕಾಪಾಡಲು ಹೊರಡುವುದಿಲ್ಲವಷ್ಟೆ.

ನಮ್ಮ ನಾಡಿನಲ್ಲಿ ಹಕ್ಕಿ, ಮೃಗ, ಮರಗಳು ಛಾಯಾಗ್ರಾಹಕರ ಮುಖ್ಯ ವಸ್ತುವಾದದ್ದು ಬಹುಮಟ್ಟಿಗೆ ಸ್ವಾತಂತ್ರ್ಯಾನಂತರ. ಭಾರತೀಯ ಛಾಯಾಗ್ರಹಣ ಒಕ್ಕೂಟ 1953ರಲ್ಲಿ ಹುಟ್ಟಿತು. ಅದರ ಹಿಂದೆ ಬೆಂಗಳೂರಿನ ಡಾ. ಜಿ. ಥಾಮಸ್ ಅವರ ದುಡಿಮೆಯಿತ್ತು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೇಶದಲ್ಲಿ ಹೆಸರು ತಂದರು. ಸಂಡೂರಿನ ಎಂ.ವೈ. ಘೋರ್ಪಡೆ ಅವರು ರಾಜ್ಯದ ಮಂತ್ರಿಯಾಗಿದ್ದೂ ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಗೆ ಖ್ಯಾತರು. ಹಾಸನದ ನೆರೆಯ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳಿಗಾಗಿ ಕ್ಯಾಮರಾ ಹೊತ್ತು ಕಾದು ಕುಳಿತದ್ದನ್ನು ನೀವು ಅವರ ಬರಹಗಳಲ್ಲೇ ಓದಿರುತ್ತೀರಿ. ಆ ಪೀಳಿಗೆಯಲ್ಲಿ ಹಕ್ಕಿಯ ಗೂಡಿನೆದುರು ಮರೆ ಕಟ್ಟಿಕೊಂಡು ಚಿತ್ರ ತೆಗೆಯುವುದು ಸಾಮಾನ್ಯವಾಗಿತ್ತು. ತಾಯಿಹಕ್ಕಿ ಬೆದರಿ ಗೂಡು ಬಿಟ್ಟರೆ ಮರಿಗಳು ಸಾಯುತ್ತವೆಂಬ ಕಾರಣಕ್ಕೆ ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. ಬಹುಮಾನದ ಆಸೆ ಹಕ್ಕಿಯ ಜೀವಕ್ಕೆ ಎರವಾಗಬಾರದೆಂಬ ಈ ನಿಯಮ ನನಗೆ ತುಂಬ ಹಿಡಿಸಿದೆ.

ನಿಮ್ಮ ಸುತ್ತಲಿನ ವಸ್ತುಗಳಿಗೇನು ಕೊರತೆ? ಹೊಳೆನರಸೀಪುರದ ಹೆಸರಿನಲ್ಲೇ ಹೊಳೆಯಿದೆ. ಹೇಮಾವತಿ ಊರಿಗೆ ತಾಗಿಯೇ ಹರಿಯುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಸೋಪಾನದ ಬಳಿ ದೊಡ್ಡ ದೊಡ್ಡ ಮೀನುಗಳು ಭಕ್ತರು ಎಸೆಯುವ ಪುರಿಗಾಗಿ ಗುಂಪುಗೂಡುತ್ತವೆ. ದೇವರ ಮೀನೆಂದು ಅವನ್ನು ಹಿಡಿಯುವುದಿಲ್ಲ. ಮೀನುಧಾಮ ಎಂಬ ಸರ್ಕಾರಿ ಪದ ಹುಟ್ಟುವ ಮುಂಚೆಯೇ ಜನ ಕಂಡುಕೊಂಡ ಸಂರಕ್ಷಣೆ ಅದು. ಚನ್ನರಾಯಪಟ್ಟಣ ತಾಲ್ಲೂಕಿನ ಬೆಳಗೊಳಕ್ಕೆ ಹೋದವರೆಲ್ಲ 58 ಅಡಿಯ ಗೊಮ್ಮಟನ ಚಿತ್ರವನ್ನೇ ತೆಗೆಯುತ್ತಾರೆ. ಊರಿಗೆ ಹೆಸರು ಕೊಟ್ಟದ್ದು ‘ಬಿಳಿಯ ಕೊಳ’ ಎಂಬುದನ್ನು ಮರೆಯುತ್ತಾರೆ.

ಹಾಸನ ತಾಲ್ಲೂಕಿನ ಶೆಟ್ಟಿಹಳ್ಳಿಯ ವಿಷಯ ಬೇರೆ. ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಇಗರ್ಜಿಯೊಂದು ಅಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ನಿಂತಿದೆ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಮಳೆಗಾಲದಲ್ಲಿ ಇಗರ್ಜಿಯ ಅರ್ಧ ಭಾಗ ಮುಳುಗಿ, ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆಸರಿನ ನಡುವೆ ಮತ್ತೆ ಕಾಣಿಸಿಕೊಳ್ಳುತ್ತದೆ. ನೀರು, ಮೋಡ, ಒಡೆದ ಕಮಾನು, ಮೇಲೆ ಹಾರುವ ಬೆಳ್ಳಕ್ಕಿ: ಇದಕ್ಕಿಂತ ಒಳ್ಳೆಯ ದೃಶ್ಯ ಛಾಯಾಗ್ರಾಹಕನಿಗೆ ಬೇಕೆ? ಆದರೆ ಆ ನೀರಿನಡಿಯಲ್ಲಿ ಗದ್ದೆಗಳಿವೆ, ಮನೆಗಳ ತಳಪಾಯಗಳಿವೆ. ಅಲ್ಲಿದ್ದವರು ಎದ್ದುಹೋದರು. ಅವರ ನೀರು ದೂರದ ಹೊಲಗಳನ್ನು ಹಸಿರು ಮಾಡಿತು. ಈ ಚಿತ್ರಕ್ಕೆ ನಿಸರ್ಗದ ಬಹುಮಾನವೋ ಇತಿಹಾಸದ ಬಹುಮಾನವೋ ಎಂದು ನನ್ನನ್ನು ಕೇಳಿದರೆ, ತೀರ್ಪು ಹೇಳಲು ನಾನು ಸ್ವಲ್ಪ ಕಾಲಾವಕಾಶ ಕೇಳುತ್ತೇನೆ.

ಒಂದು ವಿನಂತಿ. ಚಿತ್ರ ತೆಗೆದಾಗ ಸ್ಥಳ, ದಿನಾಂಕ, ಯಾವ ದಿಕ್ಕಿಗೆ ನಿಂತು ತೆಗೆದದ್ದು ಎಂಬುದನ್ನು ಬರೆದಿಡಿ. ಟ್ರೈಪ್ 1855ರಲ್ಲೇ ಬರ್ಮಾಕ್ಕೂ ಹೋಗಿ ಬಂದರು. ಅಲ್ಲಿಯ 120 ಚಿತ್ರಗಳಿಗೆ ಶೀರ್ಷಿಕೆಯನ್ನು ಅಚ್ಚು ಹಾಕಿಸಿ ಅಂಟಿಸಿದ್ದರಿಂದಲೇ ವಿದ್ವಾಂಸರಿಗೆ ಅವು ಇಂದಿಗೂ ಉಪಯೋಗಕ್ಕೆ ಬರುತ್ತಿವೆ. ಮಹಾರಾಜ ಪಾರ್ಕಿನಲ್ಲಿ ನಿಮಗೆ ಇಷ್ಟವಾದ ಒಂದು ಮರವನ್ನು ಆರಿಸಿಕೊಂಡು, ಅದೇ ಜಾಗದಲ್ಲಿ ನಿಂತು, ವರ್ಷಕ್ಕೊಂದು ಚಿತ್ರ ತೆಗೆಯಿರಿ. ಐದನೆಯ ಚಿತ್ರದ ಹೊತ್ತಿಗೆ ಹಿಂದಿನ ನಾಲ್ಕನ್ನೂ ಪಕ್ಕದಲ್ಲಿಟ್ಟು ನೋಡಿ.